ಚಕ್ರವರ್ತಿ ಮತ್ತು ಎರಡನೆಯವನು

ಅಡಿಕೆ ಕೊಯ್ಲಿನ ದಿನಗಳಲ್ಲಿ ಚನ್ನಗಿರಿ ತಾಲೂಕಿನ ನಲ್ಲೂರಿಗೆ ಹೋದವರಿಗೆ ಅಂಗಳ, ಕಣ, ತಾರಸಿ ಎಲ್ಲೆಲ್ಲೂ ಬೇಯಿಸಿ ಹರವಿದ ಅಡಿಕೆಯೇ ಕಾಣುತ್ತದೆ. ಅದನ್ನು ಕಾಯುವ ಕೆಲಸ ಸಾಮಾನ್ಯವಾಗಿ ಮನೆಯ ಇಬ್ಬರ ಪಾಲಿಗೆ ಬೀಳುತ್ತದೆ. ಒಬ್ಬರು ತೋಟಕ್ಕೆ ಹೋಗುವಷ್ಟು ಕಾಲಲ್ಲಿ ಶಕ್ತಿಯಿಲ್ಲದ ಅಜ್ಜ, ಇನ್ನೊಬ್ಬ ಶಾಲೆ ಮುಗಿಸಿ ಬಂದ ಮೊಮ್ಮಗ. ಮೊಮ್ಮಗನ ಕಣ್ಣು ಅಡಿಕೆಯ ಮೇಲಿರುವುದಿಲ್ಲ, ಮೊಬೈಲಿನ ಮೇಲಿರುತ್ತದೆ. ‘ಏನೋ ಅದು, ಆಗ್ಲಿಂದ ಉಜ್ತಾನೇ ಇದೀಯಲ್ಲ?’ ಎಂದು ಅಜ್ಜ ಕೇಳಿದರೆ, ‘ಆಟ ಕಣಜ್ಜ, ನಿನಗೆ ತಿಳಿಯಲ್ಲ ಬಿಡು’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ತಿಳಿಯದೆ ಏನು? ಆ ಅಜ್ಜನೂ ಅದೇ ವಯಸ್ಸಿನಲ್ಲಿ ಗುಡಿಯ ಜಗಲಿಯ ಕಲ್ಲಿನ ಮೇಲೆ ಕೊರೆದ ಗೆರೆಗಳಲ್ಲಿ ಹುಲಿ-ಕುರಿ ಆಡಿದವರೇ. ಒಂದು ಕಡೆ ಮೂರೋ ನಾಲ್ಕೋ ಹುಲಿ, ಇನ್ನೊಂದು ಕಡೆ ಹದಿನೈದಿಪ್ಪತ್ತು ಕುರಿ. ಹುಲಿ ಹಾರಿ ತಿನ್ನುತ್ತದೆ, ಕುರಿಗೆ ಹಾರಲು ಬರುವುದಿಲ್ಲ, ಸುತ್ತುವರಿದು ಕಟ್ಟಿಹಾಕಲು ಬರುತ್ತದೆ. ಚದುರಂಗದಲ್ಲಿ ಇಬ್ಬರ ಕೈಯಲ್ಲೂ ಒಂದೇ ಬಗೆಯ ಸೈನ್ಯ. ಹುಲಿ-ಕುರಿಯಲ್ಲಿ ಹಾಗಲ್ಲ. ಇಬ್ಬರ ಬಲವೂ ಬೇರೆ, ಬುದ್ಧಿಯೂ ಬೇರೆ, ಆದರೂ ಆಟ ಸಮ. ಕುರಿ ಆಡುವವನು ಹುಲಿಯಂತೆ ಯೋಚಿಸಿದರೆ ಕೆಟ್ಟ.

ಈ ಒಂದು ಗುಟ್ಟು ತಿಳಿದಿದ್ದರೆ ಸಾಕು, ಇಪ್ಪತ್ತೈದು ವರ್ಷಗಳ ಹಿಂದೆ ಕೊರಿಯಾ ಎಂಬ ದೇಶಕ್ಕೆ ದೇಶವನ್ನೇ ಹುಚ್ಚು ಹಿಡಿಸಿದ ಒಂದು ಕಂಪ್ಯೂಟರ್ ಆಟದ ಅರ್ಧ ಮರ್ಮ ತಿಳಿದಂತೆ. ಆಟದ ಹೆಸರು ಸ್ಟಾರ್‌ಕ್ರಾಫ್ಟ್. ಅಮೆರಿಕದ ಕ್ಯಾಲಿಫೋರ್ನಿಯಾದ ಬ್ಲಿಜರ್ಡ್ ಕಂಪನಿ 1998ರ ಮಾರ್ಚ್ 31ರಂದು ಅದನ್ನು ಮಾರುಕಟ್ಟೆಗೆ ಬಿಟ್ಟಿತು. ಅದೇ ವರ್ಷದ ಕೊನೆಯಲ್ಲಿ ‘ಬ್ರೂಡ್ ವಾರ್’ ಎಂಬ ಮುಂದುವರಿದ ಭಾಗವೂ ಬಂತು. ಅದರಲ್ಲಿ ಮೂರು ಜನಾಂಗಗಳು. ಟೆರನ್ ಎಂದರೆ ಮನುಷ್ಯರು. ಬಂದೂಕು, ಟ್ಯಾಂಕು, ವಿಮಾನ ಅವರ ಆಸ್ತಿ. ಜರ್ಗ್ ಎಂದರೆ ಗೆದ್ದಲಿನಂತೆ ಹುಟ್ಟಿ ಹರಡುವ ಜೀವಿಗಳು; ಅಗ್ಗ, ಆದರೆ ಲೆಕ್ಕವಿಲ್ಲದಷ್ಟು. ಪ್ರೋಟೋಸ್ ಎಂದರೆ ಸಂಖ್ಯೆಯಲ್ಲಿ ಕಡಿಮೆ, ಒಬ್ಬೊಬ್ಬನೂ ಭಾರಿ. ಆಟಗಾರ ನೆಲದಿಂದ ಖನಿಜ ಅಗೆಸಬೇಕು, ಅನಿಲ ತೆಗೆಸಬೇಕು, ಕಟ್ಟಡ ಕಟ್ಟಿಸಬೇಕು, ಸೈನ್ಯ ಬೆಳೆಸಬೇಕು, ಎದುರಾಳಿಯ ನೆಲೆಯನ್ನು ನಾಶ ಮಾಡಬೇಕು. ಎದುರಾಳಿ ಏನು ಮಾಡುತ್ತಿದ್ದಾನೆ ಎಂಬುದು ಕಾಣುವುದಿಲ್ಲ, ಅವನ ನೆಲದ ಮೇಲೆ ಕತ್ತಲೆ ಕವಿದಿರುತ್ತದೆ. ಚದುರಂಗದಂತೆ ಸರದಿಯೂ ಇಲ್ಲ. ಒಬ್ಬ ಯೋಚಿಸುತ್ತ ಕುಳಿತರೆ ಇನ್ನೊಬ್ಬ ಅಷ್ಟರಲ್ಲಿ ಬಾಗಿಲಿಗೆ ಬಂದಿರುತ್ತಾನೆ. ನುರಿತ ಆಟಗಾರನ ಕೈಬೆರಳು ನಿಮಿಷಕ್ಕೆ ಮುನ್ನೂರಕ್ಕೂ ಹೆಚ್ಚು ಸಲ ಕೀಲಿಯನ್ನೋ ಮೌಸನ್ನೋ ಒತ್ತುತ್ತಿರುತ್ತದೆ ಎಂದರೆ ಉಳಿದದ್ದನ್ನು ಊಹಿಸಿಕೊಳ್ಳಬಹುದು.

ಅಮೆರಿಕದಲ್ಲಿ ಹುಟ್ಟಿದ ಆಟ ಕೊರಿಯಾದಲ್ಲಿ ಬೇರೂರಿದ್ದಕ್ಕೆ ಕಾರಣ ಆಟವೊಂದೇ ಅಲ್ಲ. 1997, ಅಂದರೆ ದಾವಣಗೆರೆ ಹೊಸ ಜಿಲ್ಲೆಯಾಗಿ, ಚನ್ನಗಿರಿ ತಾಲೂಕು ಶಿವಮೊಗ್ಗದ ಕೈಬಿಟ್ಟು ಅದಕ್ಕೆ ಸೇರಿದ ವರ್ಷ. ಆ ವರ್ಷದ ಕೊನೆಗೆ ಕೊರಿಯಾದ ಬೊಕ್ಕಸ ಬರಿದಾಗಿ, ಸರ್ಕಾರ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಕೈಚಾಚಬೇಕಾಯಿತು. ದೊಡ್ಡ ಕಂಪನಿಗಳು ಮುಳುಗಿದವು, ನೌಕರಿ ಕಳೆದುಕೊಂಡವರು ಬೀದಿಗೆ ಬಂದರು. ಅಂಥವರಲ್ಲಿ ಅನೇಕರು ಸಿಕ್ಕ ಪರಿಹಾರದ ಹಣದಲ್ಲಿ ಇಪ್ಪತ್ತು ಮೂವತ್ತು ಕಂಪ್ಯೂಟರ್ ಹಾಕಿ ‘ಪಿಸಿ ಬಾಂಗ್’ ತೆರೆದರು. ಬಾಂಗ್ ಎಂದರೆ ಕೋಣೆ. ಗಂಟೆಗಿಷ್ಟು ಎಂದು ಕೊಟ್ಟು ಆಡುವ ಜಾಗ, ಇಲ್ಲಿನ ಸೈಬರ್ ಕೆಫೆಯ ಅಣ್ಣ ಎನ್ನಿ. ಸರ್ಕಾರ ಅದೇ ಹೊತ್ತಿಗೆ ವೇಗದ ಇಂಟರ್‌ನೆಟ್ ಜಾಲವನ್ನು ಊರೂರಿಗೆ ಎಳೆಯಿತು. ಕೆಲಸವಿಲ್ಲದ ತಂದೆ, ಕೆಲಸ ಸಿಗುವ ಭರವಸೆಯಿಲ್ಲದ ಮಗ, ಇಬ್ಬರೂ ಅಲ್ಲಿ ಕುಳಿತರು. ಮೊದಲ ಹತ್ತು ವರ್ಷಗಳಲ್ಲಿ ಜಗತ್ತಿನಲ್ಲಿ ಮಾರಾಟವಾದ ಸುಮಾರು 95 ಲಕ್ಷ ಪ್ರತಿಗಳಲ್ಲಿ 45 ಲಕ್ಷದಷ್ಟು ಆ ಪುಟ್ಟ ದೇಶದಲ್ಲೇ ಖರ್ಚಾದವು.

ಆಟ ಆಡಿ ಅನ್ನ ಸಂಪಾದಿಸಬಹುದು ಎಂದು ಮೊದಲು ತೋರಿಸಿದವನು ಶಿನ್ ಜು-ಯಂಗ್. 1998ರಲ್ಲಿ ಬ್ಲಿಜರ್ಡ್ ನಡೆಸಿದ ಸ್ಪರ್ಧೆಯಲ್ಲಿ ಆತ ಗೆದ್ದ. ಕೊರಿಯಾದ ಮೊದಲ ವೃತ್ತಿಪರ ಆಟಗಾರ ಎಂದು ಆತನನ್ನು ಕರೆಯುತ್ತಾರೆ. ಮರುವರ್ಷ ಲೀ ಕಿ-ಸಕ್ ಎಂಬ ಹುಡುಗ ಇಂಟರ್‌ನೆಟ್ ಸಂಪರ್ಕದ ಟಿವಿ ಜಾಹೀರಾತಿನಲ್ಲಿ ಕಾಣಿಸಿಕೊಂಡ. ಸಿನಿಮಾ ನಟರನ್ನೂ ಫುಟ್‌ಬಾಲ್ ಆಟಗಾರರನ್ನೂ ಬಿಟ್ಟು ಕಂಪ್ಯೂಟರ್ ಆಟದ ಹುಡುಗನೊಬ್ಬನನ್ನು ಜಾಹೀರಾತಿಗೆ ಹಾಕಿಕೊಂಡರು ಎಂಬುದು ಆ ಕಾಲಕ್ಕೆ ಮನೆಮನೆಯ ಮಾತಾಯಿತು. ಪಿಸಿ ಬಾಂಗಿನಲ್ಲಿ ಮಗನನ್ನು ಹುಡುಕಿಕೊಂಡು ಬರುತ್ತಿದ್ದ ತಾಯಂದಿರ ಮುಂದೆ ಹುಡುಗರಿಗೆ ಒಂದು ಉತ್ತರ ಸಿಕ್ಕಿತು. ‘ಅವನನ್ನು ನೋಡಮ್ಮ, ಟಿವಿಯಲ್ಲಿ ಬರುತ್ತಾನೆ’.

ಟಿವಿಯ ಮಾತು ಬಂತು. 1999ರಲ್ಲಿ ಟೂನಿವರ್ಸ್ ಎಂಬ ಕಾರ್ಟೂನ್ ವಾಹಿನಿ ಈ ಆಟದ ಪಂದ್ಯಗಳನ್ನು ಪ್ರಸಾರ ಮಾಡಿ ನೋಡಿತು. ಮಕ್ಕಳಷ್ಟೇ ಅಲ್ಲ, ದೊಡ್ಡವರೂ ನೋಡಿದರು. ಕೊರಿಯಾದವರಿಗೆ ಕುಳಿತು ಆಡುವ ಆಟವನ್ನು ಟಿವಿಯಲ್ಲಿ ನೋಡುವ ಅಭ್ಯಾಸ ಮೊದಲೇ ಇತ್ತು. ಕಪ್ಪು ಬಿಳಿ ಕಲ್ಲುಗಳನ್ನಿಟ್ಟು ಆಡುವ ‘ಬಾದುಕ್’ ಆಟಕ್ಕೇ ಅಲ್ಲಿ ಒಂದು ವಾಹಿನಿಯಿದೆ. 2000ದಲ್ಲಿ ಆನ್‌ಗೇಮ್‌ನೆಟ್ ಎಂಬ ಪೂರ್ಣಾವಧಿ ಆಟದ ವಾಹಿನಿ ಶುರುವಾಯಿತು. ಆಟಗಾರರ ಸಂಘ ಅದೇ ವರ್ಷ ಸರ್ಕಾರದ ಮನ್ನಣೆಯೊಂದಿಗೆ ಹುಟ್ಟಿತು. ಆ ವಾಹಿನಿಯ ಲೀಗಿನ ಮೊದಮೊದಲ ಪಟ್ಟಗಳಲ್ಲೊಂದನ್ನು ಗೆದ್ದವನು, ತಮಾಷೆಯೆಂದರೆ, ಕೊರಿಯಾದವನೇ ಅಲ್ಲ. ಕೆನಡಾದ ಕ್ವಿಬೆಕ್‌ನಿಂದ ಬಂದ ಗಿಯೋಮ್ ಪಾತ್ರಿ ಎಂಬ ಹದಿನೆಂಟರ ಆಸುಪಾಸಿನ ಹುಡುಗ. ‘ನೀಲಿ ಕಣ್ಣಿನ ಯೋಧ’ ಎಂದು ಅಲ್ಲಿಯವರು ಕರೆದರು. ಫೈನಲ್ಲಿನಲ್ಲಿ ಆತ ಕೊರಿಯಾದ ಆಟಗಾರನೊಬ್ಬನನ್ನು ಸೋಲಿಸಿದ. ಅಂದಿನಿಂದ ಆ ಲೀಗ್ ಮುಗಿಯುವವರೆಗೂ ಇನ್ನೊಬ್ಬ ವಿದೇಶಿ ಅದನ್ನು ಗೆಲ್ಲಲಿಲ್ಲ. ಹೊರಗಿನವನೊಬ್ಬ ಬಂದು ಪಾಠ ಹೇಳಿ, ಪಾಠ ಕಲಿತವರು ಮುಂದೆ ಯಾರನ್ನೂ ಒಳಗೆ ಬಿಡಲಿಲ್ಲ.

ಇಷ್ಟೆಲ್ಲ ಪೀಠಿಕೆಯಾಯಿತು. ನಿಜವಾದ ಕಥೆ ಇಬ್ಬರದು.

ಒಬ್ಬ ಇಮ್ ಯೋ-ಹ್ವಾನ್. ಇಂಗ್ಲಿಷಿನಲ್ಲಿ ಲಿಮ್ ಎಂದು ಬರೆಯುತ್ತಾರೆ. ಆಟದ ಅಂಗಳದಲ್ಲಿ ‘ಬಾಕ್ಸರ್’ ಎಂಬ ಹೆಸರು. 1980ರಲ್ಲಿ ಹುಟ್ಟಿದ ಈತ ಆರಿಸಿಕೊಂಡದ್ದು ಟೆರನ್, ಅಂದರೆ ಮನುಷ್ಯರ ಪಕ್ಷ. ಆಗ ಟೆರನ್ ಎಂದರೆ ಸೋಲುವವರ ಪಕ್ಷ ಎಂದೇ ಜನ ಎಣಿಸಿದ್ದರು. ಬಂದೂಕಿನ ಸಿಪಾಯಿ ಒಂದೇ ಏಟಿಗೆ ಸಾಯುತ್ತಾನೆ, ಟ್ಯಾಂಕು ನಿಧಾನ, ಇಡೀ ಸೈನ್ಯವನ್ನು ನಡೆಸುವುದೇ ಕಷ್ಟ. ಇಮ್ ಮಾಡಿದ ಕೆಲಸವನ್ನು ಸರಳವಾಗಿ ಹೇಳುವುದಾದರೆ, ಎಲ್ಲರೂ ಮೂಲೆಗೆಸೆದಿದ್ದ ಸಾಮಾನನ್ನು ಎತ್ತಿಕೊಂಡು ಒರೆಸಿ ನೋಡಿದ. ಸಿಪಾಯಿಗಳನ್ನು ಹೊತ್ತೊಯ್ಯುವ ಒಂದು ವಿಮಾನ ಆಟದಲ್ಲಿತ್ತು. ಅದಕ್ಕೆ ಆಯುಧವೇ ಇಲ್ಲ, ಹೀಗಾಗಿ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಇಮ್ ಅದರಲ್ಲಿ ನಾಲ್ಕೆಂಟು ಸಿಪಾಯಿಗಳನ್ನು ತುಂಬಿ, ಎದುರಾಳಿಯ ಬೆನ್ನಿನ ಕಡೆ, ಖನಿಜ ಅಗೆಯುವ ಕೆಲಸಗಾರರ ನಡುವೆ ಇಳಿಸುತ್ತಿದ್ದ. ಎದುರಾಳಿಯ ಸೈನ್ಯ ಹೆಬ್ಬಾಗಿಲಲ್ಲಿ ಕಾದು ನಿಂತಿರುವಾಗ ಹಿತ್ತಿಲಲ್ಲಿ ಬೆಂಕಿ. ಅದು ಓಡಿ ಬರುವಷ್ಟರಲ್ಲಿ ಸಿಪಾಯಿಗಳು ಮತ್ತೆ ವಿಮಾನವೇರಿ ಮಾಯ. ಒಂದೊಂದು ಸಿಪಾಯಿಯನ್ನೂ ಬೆರಳ ತುದಿಯಲ್ಲಿ ಆಡಿಸುತ್ತ, ನೆಲದೊಳಗಿಂದ ಸಾಲಾಗಿ ಚುಚ್ಚಿ ಬರುವ ಜರ್ಗ್‌ಗಳ ಮುಳ್ಳುಗಳಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಪ್ಪಿಸಿಕೊಂಡು ಕೊಲ್ಲುವುದು ಆತನ ಇನ್ನೊಂದು ವಿದ್ಯೆ.

2001ರಲ್ಲಿ ಆತ ಆನ್‌ಗೇಮ್‌ನೆಟ್ ಲೀಗನ್ನು ಬೆನ್ನುಬೆನ್ನಿಗೆ ಎರಡು ಬಾರಿ ಗೆದ್ದ. ಅದೇ ವರ್ಷವೂ ಮರುವರ್ಷವೂ ವರ್ಲ್ಡ್ ಸೈಬರ್ ಗೇಮ್ಸ್ ಎಂಬ ಜಾಗತಿಕ ಕೂಟದಲ್ಲಿ ಚಿನ್ನ. ‘ಟೆರನ್ ಚಕ್ರವರ್ತಿ’ ಎಂಬ ಬಿರುದು ಬಂತು. ಆತನ ಅಭಿಮಾನಿ ಬಳಗದ ಸದಸ್ಯರ ಸಂಖ್ಯೆ ಆರು ಲಕ್ಷ ದಾಟಿತು. ಒಬ್ಬನನ್ನು ಮಾತ್ರ ಆತ ಆ ವರ್ಷ ದಾಟಲಾಗಲಿಲ್ಲ. ಮೂರನೆಯ ಪಟ್ಟಕ್ಕೆ ಕೈಹಾಕಿದಾಗ ಪ್ರೋಟೋಸ್ ಪಕ್ಷದ ಕಿಮ್ ದಾಂಗ್-ಸು ಅಡ್ಡ ನಿಂತು ಗೆದ್ದುಬಿಟ್ಟ. ಕಿಮ್ ದಾಂಗ್-ಸು ಲೀಗನ್ನು ಎರಡು ಸಲ ಗೆದ್ದ ಮೊದಲಿಗರಲ್ಲೊಬ್ಬ, ಆಟದ ಬಗ್ಗೆ ಆಳವಾಗಿ ಯೋಚಿಸಿದವನು. ಆದರೂ ಇಂದು ಅವನ ಹೆಸರು ಹೇಳುವವರು ಕಡಿಮೆ. ಚಕ್ರವರ್ತಿಯನ್ನು ಸೋಲಿಸಿದವನಿಗೆ ಚಕ್ರವರ್ತಿಯಷ್ಟು ಹೆಸರು ಬರಬೇಕೆಂದೇನೂ ಇಲ್ಲ.

ಎರಡನೆಯವನು ಹಾಂಗ್ ಜಿನ್-ಹೋ. ಹುಟ್ಟಿದ್ದು 1982, ಪಕ್ಷ ಜರ್ಗ್, ಆಟದ ಹೆಸರು ‘ಯೆಲ್ಲೋ’. ಬಿರುಗಾಳಿಯಂತೆ ನುಗ್ಗುವುದು ಆತನ ಶೈಲಿ. ಸೈನ್ಯ ಬೆಳೆಯುವವರೆಗೆ ಕಾಯುವ ವ್ಯವಧಾನವಿಲ್ಲ, ಸಿಕ್ಕಷ್ಟನ್ನು ಎತ್ತಿಕೊಂಡು ಹೋಗಿ ಬಡಿಯುವುದೇ. 2001ರ ಕೋಕಾ-ಕೋಲಾ ಲೀಗಿನ ಫೈನಲ್ಲಿನಲ್ಲಿ ಇಮ್ ಆತನನ್ನು 3-2ರಿಂದ ಸೋಲಿಸಿದ. ಆ ಫೈನಲ್ಲಿನಲ್ಲಿ ಬಳಸಿದ ಒಂದು ನೆಲ ಟೆರನ್‌ಗೆ ಅನುಕೂಲವಾಗಿತ್ತು ಎಂದು ಹಾಂಗ್‌ನ ಅಭಿಮಾನಿಗಳು ಇವತ್ತಿಗೂ ಹೇಳುತ್ತಾರೆ. ಪಿಚ್ ಸರಿಯಿರಲಿಲ್ಲ ಎಂಬ ಕ್ರಿಕೆಟ್ ಜಗಳವೇ ಇದು.

ನೆಲದ ಮಾತಿನಲ್ಲಿ ಸ್ವಲ್ಪ ನಿಲ್ಲಬೇಕು. 2001ರಲ್ಲಿ ಬ್ಲಿಜರ್ಡ್ ಆಟದ ಬಲಾಬಲಗಳನ್ನು ಕೊನೆಯ ಬಾರಿಗೆ ತಿದ್ದಿತು. ಯಾವ ಸಿಪಾಯಿಗೆ ಎಷ್ಟು ಬೆಲೆ, ಯಾವ ಆಯುಧಕ್ಕೆ ಎಷ್ಟು ಪೆಟ್ಟು ಎಂಬ ಲೆಕ್ಕ ಅಲ್ಲಿಂದಾಚೆಗೆ ಕದಲಲೇ ಇಲ್ಲ. ಆಮೇಲೆ ಒಂದು ಪಕ್ಷ ಮೇಲಾದರೆ ಕೊರಿಯಾದವರು ನಿಯಮ ಬದಲಿಸಲಿಲ್ಲ, ನೆಲ ಬದಲಿಸಿದರು. ಬೆಟ್ಟ ಎಲ್ಲಿ, ಓಣಿ ಎಷ್ಟು ಅಗಲ, ಎರಡನೆಯ ಗಣಿ ಎಷ್ಟು ದೂರ ಎಂದು ಅಳೆದು ಹೊಸ ನೆಲಗಳನ್ನು ರಚಿಸುವುದೇ ಅಲ್ಲೊಂದು ಕಸುಬಾಯಿತು. ಆಡಿದ ಪಂದ್ಯವನ್ನು ಉಳಿಸಿಟ್ಟು ಮತ್ತೆ ಓಡಿಸಿ ನೋಡುವ ಸೌಲಭ್ಯ ಆಟಕ್ಕೆ ಬಂದದ್ದೂ 2001ರಲ್ಲೇ. ಅದಕ್ಕೂ ಮೊದಲು ಟಿವಿ ಕ್ಯಾಮೆರಾ ಇಲ್ಲದ ಕಡೆ ಆಡಿದ ಆಟ ಆಡಿದವರ ತಲೆಯಲ್ಲಿ ಮಾತ್ರ ಉಳಿಯಿತು. ಮೊದಲಿಗರ ಬಹುಪಾಲು ಆಟ ಹೀಗೆ ಗಾಳಿಗೆ ಹೋಗಿದೆ. ಚದುರಂಗದಲ್ಲಿ ನಾನೂರು ವರ್ಷಗಳ ಹಿಂದಿನ ನಡೆಗಳನ್ನೂ ಬರೆದಿಟ್ಟಿದ್ದಾರೆ. ರೂಯ್ ಲೋಪೆಜ್ ಎಂಬ ಸ್ಪೇನಿನ ಪಾದ್ರಿಯ ಹೆಸರಿನ ಆರಂಭವನ್ನು ಶಿವಮೊಗ್ಗದ ಜಿ.ಎ. ಸ್ಟ್ಯಾನಿ ಅವರಂಥ ಗ್ರ್ಯಾಂಡ್‌ಮಾಸ್ಟರರೂ ಕಲಿತೇ ಮುಂದೆ ಬರುತ್ತಾರೆ. ಕಂಪ್ಯೂಟರ್ ಆಟದ ಮೊದಲಿಗರಿಗೆ ಆ ಭಾಗ್ಯ ಕಡಿಮೆ. ವಿಮಾನದಲ್ಲಿ ಸಿಪಾಯಿ ಇಳಿಸುವುದು ಇಂದು ಆಟ ಕಲಿಯುವ ಹುಡುಗನಿಗೆ ಮೊದಲ ವಾರದ ಪಾಠ. ಅದನ್ನು ಒಬ್ಬ ಮನುಷ್ಯ ಕಂಡುಹಿಡಿದು ದಡ ಮುಟ್ಟಿಸಿದ ಎಂಬುದು ಅವನಿಗೆ ಗೊತ್ತಿರಬೇಕಾದ ಅಗತ್ಯವೇ ಬೀಳುವುದಿಲ್ಲ. ಚನ್ನಗಿರಿ ತಾಲೂಕಿನವರಿಗೆ ಸೂಳೆಕೆರೆಯ ಉದಾಹರಣೆ ಸಾಕು. ಅದನ್ನು ಕಟ್ಟಿಸಿದವಳು ಶಾಂತವ್ವ ಎಂಬುದು ಐತಿಹ್ಯ. ನಾಲೆಯಲ್ಲಿ ನೀರು ಬಂದಾಗ ಗದ್ದೆಯವರು ಮಡೆ ತಿರುಗಿಸುತ್ತಾರೆಯೇ ಹೊರತು ಶಾಂತವ್ವನನ್ನು ನೆನೆಯುತ್ತ ಕೂರುವುದಿಲ್ಲ.

ಇಮ್ ಮತ್ತು ಹಾಂಗ್ ಇಬ್ಬರ ಸೆಣಸಾಟಕ್ಕೆ ಕೊರಿಯಾದವರು ‘ಇಮ್-ಜಿನ್-ರೋಕ್’ ಎಂದು ಹೆಸರಿಟ್ಟರು. 1592ರಲ್ಲಿ ಜಪಾನ್ ದಂಡೆತ್ತಿ ಬಂದ ಯುದ್ಧದ ಹಳೆಯ ಕಥನವೊಂದಕ್ಕೆ ಅಲ್ಲಿ ಆ ಹೆಸರಿದೆ. ಇಮ್‌ನ ‘ಇಮ್’, ಜಿನ್-ಹೋನ ‘ಜಿನ್’ ಕೂಡಿದರೆ ಅದೇ ಹೆಸರು ತಾನಾಗಿ ಬರುತ್ತದೆ. ಜನಕ್ಕೆ ಇಂಥ ಶ್ಲೇಷೆ ಸಿಕ್ಕರೆ ಬಿಡುತ್ತಾರೆಯೇ!

ಇಬ್ಬರ ಭೇಟಿಗಳಲ್ಲಿ ಒಂದು ಸಂಜೆಯನ್ನು ಮಾತ್ರ ಅಲ್ಲಿಯವರು ನಗದೆ ನೆನೆಯಲಾರರು. 2004ರ ನವೆಂಬರ್, ಲೀಗಿನ ಸೆಮಿಫೈನಲ್. ಐದು ಆಟಗಳಲ್ಲಿ ಮೊದಲು ಮೂರು ಗೆದ್ದವನಿಗೆ ಜಯ. ಮಧ್ಯರಾತ್ರಿಯವರೆಗೂ ನಡೆಯುವ ಕಾಳಗವೆಂದು ದೇಶವೇ ಟಿವಿ ಮುಂದೆ ಕುಳಿತಿತ್ತು. ಮೊದಲ ಆಟದಲ್ಲಿ ಇಮ್ ತನ್ನ ಊರು ಕಟ್ಟುವ ಬದಲು ಕೆಲಸಗಾರರನ್ನು ಕರೆದುಕೊಂಡು ಹೋಗಿ ಹಾಂಗ್‌ನ ಮನೆ ಬಾಗಿಲಿಗೇ ಒಂದು ಬಂಕರ್ ಕಟ್ಟಿ, ಒಳಗೆ ಬಂದೂಕಿನವರನ್ನು ಕೂರಿಸಿ ಗುಂಡು ಹಾರಿಸಿದ. ಹಾಂಗ್ ಸೋತ. ಇದು ಜೂಜು. ಹಿಡಿದರೆ ಗೆಲುವು, ತಪ್ಪಿದರೆ ಮನೆಯಲ್ಲಿ ಏನೂ ಉಳಿಯದ ಸೋಲು. ಒಂದು ಸಲ ಮಾಡಿದವನು ಮತ್ತೆ ಮಾಡುವುದಿಲ್ಲ. ಇಮ್ ಎರಡನೆಯ ಆಟದಲ್ಲೂ ಅದನ್ನೇ ಮಾಡಿದ. ಮೂರನೆಯ ಸಲ ಯಾವ ಬುದ್ಧಿಯಿರುವವನೂ ಮಾಡುವುದಿಲ್ಲ ಎಂದು ಹಾಂಗ್ ಎಣಿಸಿದನೋ ಏನೋ. ಮೂರನೆಯ ಆಟದಲ್ಲೂ ಅದೇ ಬಂಕರ್, ಅದೇ ಬಾಗಿಲು. 3-0. ಹುರಿದ ಕೋಳಿಗೆ ಫೋನ್ ಮಾಡಿ ಹೇಳಿ ಟಿವಿ ಮುಂದೆ ಕುಳಿತವರಿಗೆ, ಕೋಳಿ ಮನೆಗೆ ಬರುವಷ್ಟರಲ್ಲಿ ಪಂದ್ಯವೇ ಮುಗಿದಿತ್ತು ಎಂಬ ತಮಾಷೆ ಅಂದಿನಿಂದ ಚಾಲ್ತಿಯಲ್ಲಿದೆ. ಕೆಲವರು ಇಮ್‌ನನ್ನು ಬೈದರು. ನೋಡುಗರಿಗೆ ಒಳ್ಳೆಯ ಆಟ ಕೊಡುವುದು ದೊಡ್ಡದೋ, ಗೆಲ್ಲುವುದು ದೊಡ್ಡದೋ ಎಂಬ ವಾದ ಬಹುಕಾಲ ನಡೆಯಿತು. ಎದುರಾಳಿಯ ಮನಸ್ಸನ್ನು ಮೂರು ಬಾರಿ ಸರಿಯಾಗಿ ಓದಿದವನನ್ನು ಬೈಯುವುದು ಕಷ್ಟ.

ಆ ಲೀಗಿನ ಫೈನಲ್ ಇನ್ನೊಂದು ಕಥೆ. ಇಮ್‌ಗೆ ಎದುರು ನಿಂತವನು ಚೋಯ್ ಯಾನ್-ಸಂಗ್. ಇಮ್ ತಾನೇ ಗುರುತಿಸಿ, ತನ್ನ ತಂಡಕ್ಕೆ ಕರೆತಂದು, ಜೊತೆಯಲ್ಲಿಟ್ಟುಕೊಂಡು ಬೆಳೆಸಿದ ಹುಡುಗ. ಆಟದ ಬಗ್ಗೆ ಇಬ್ಬರ ತಿಳಿವಳಿಕೆ ತೀರಾ ಬೇರೆ. ಇಮ್‌ದು ಕೈಚಳಕ, ಹೊಂಚು, ಅನಿರೀಕ್ಷಿತ. ಚೋಯ್‌ದು ಶೆಟ್ಟರ ಲೆಕ್ಕ. ಬೇಗ ಎರಡನೆಯ ಗಣಿ ಹಿಡಿ, ಮೂರನೆಯದನ್ನೂ ಹಿಡಿ, ಒಂದು ಸಿಪಾಯಿಯನ್ನು ಕುಣಿಸುವ ಬದಲು ನೂರು ಸಿಪಾಯಿಗಳನ್ನು ಕಳಿಸು. ಗುರುವಿಗೇ ತಿರುಮಂತ್ರ ಎನ್ನುವುದು ಇದಕ್ಕೇ. ಐದು ಆಟಗಳ ಕೊನೆಗೆ ಶಿಷ್ಯ 3-2ರಿಂದ ಗೆದ್ದ. ಚಕ್ರವರ್ತಿ ಎಲ್ಲರೆದುರಿಗೆ ಅತ್ತ. ಸೋತದ್ದು ಒಂದು ಪಂದ್ಯವಷ್ಟೇ ಆಗಿದ್ದರೆ ಅಳು ಬರುತ್ತಿರಲಿಲ್ಲವೇನೋ. ಆಟ ತನ್ನ ಕೈಮೀರಿ ಬೆಳೆದುಬಿಟ್ಟಿದೆ ಎಂಬುದು ಆ ಸಂಜೆ ಆತನಿಗೆ ತಿಳಿದಿರಬೇಕು. ತಾನೇ ತೋರಿಸಿದ ದಾರಿಯಲ್ಲಿ ತನಗಿಂತ ಮುಂದೆ ಹೋದವರ ಬೆನ್ನು ನೋಡುವುದು ಮೊದಲಿಗರ ಪಾಲಿಗೆ ಬಂದೇ ಬರುತ್ತದೆ, ಆದರೆ ಇಪ್ಪತ್ತನಾಲ್ಕನೆಯ ವಯಸ್ಸಿಗೇ ಬರುವುದು ಈ ಆಟದಲ್ಲಿ ಮಾತ್ರ.

ಆ ಹುಡುಗರ ಬದುಕು ಹೇಗಿತ್ತು ಎಂಬುದನ್ನೂ ಹೇಳಬೇಕು. ಹೆಸರು ಕೇಳಿ ಅರಮನೆ ಎಣಿಸಿಕೊಳ್ಳುವುದು ಬೇಡ. ಶುರುವಿನ ವರ್ಷಗಳಲ್ಲಿ ಅನೇಕರಿಗೆ ಸಂಬಳವೇ ಇರಲಿಲ್ಲ, ಬಹುಮಾನ ಬಂದರೆ ಉಂಟು. ಒಂದೇ ಬಾಡಿಗೆ ಮನೆಯಲ್ಲಿ ಹತ್ತು ಹನ್ನೆರಡು ಜನ, ಒಂದು ಕೋಣೆಯಲ್ಲಿ ಸಾಲು ಕಂಪ್ಯೂಟರ್, ಇನ್ನೊಂದರಲ್ಲಿ ಸಾಲು ಹಾಸಿಗೆ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಅಭ್ಯಾಸ. ಇಲ್ಲಿನ ಹಳೆಯ ನಾಟಕ ಕಂಪನಿಗಳ ಬಿಡಾರವನ್ನು ಕಂಡವರಿಗೆ ಚಿತ್ರ ಥಟ್ಟನೆ ಕಣ್ಣಿಗೆ ಕಟ್ಟುತ್ತದೆ. ಎಸ್.ಕೆ. ಟೆಲಿಕಾಂನಂಥ ದೊಡ್ಡ ಕಂಪನಿ ತಂಡ ಕಟ್ಟಿದ್ದು 2004ರಲ್ಲಿ. ಅದು ಇಮ್‌ನ ತಂಡವೇ. ಅಲ್ಲಿಂದ ಮುಂದೆ ಸಂಬಳ, ಸಮವಸ್ತ್ರ, ತರಬೇತುದಾರ ಎಲ್ಲ ಬಂತು. ಆ ವರ್ಷದ ಜುಲೈನಲ್ಲಿ ಬುಸಾನ್ ನಗರದ ಗ್ವಾಂಗಲ್ಲಿ ಕಡಲತೀರದಲ್ಲಿ ತಂಡಗಳ ಲೀಗಿನ ಫೈನಲ್ ಏರ್ಪಡಿಸಿದಾಗ ಒಂದು ಲಕ್ಷ ಜನ ಸೇರಿದ್ದರೆಂದು ಸಂಘಟಕರು ಲೆಕ್ಕ ಹೇಳಿದರು. ಗೆದ್ದದ್ದು ಎಸ್.ಕೆ. ತಂಡವಲ್ಲ, ಹನ್‌ಬಿಟ್ ಸ್ಟಾರ್ಸ್ ಎಂಬ ಅದಕ್ಕಿಂತ ಬಡ ತಂಡ.

ಇದು ಗಂಡುಹುಡುಗರ ಕಥೆಯಷ್ಟೇ ಅಲ್ಲ. ಕಿಮ್ ಗಾ-ಉಲ್ ಎಂಬಾಕೆ ಶುರುವಿನ ವರ್ಷಗಳ ಮಹಿಳಾ ಲೀಗುಗಳಲ್ಲಿ ದೊಡ್ಡ ಹೆಸರು. ಮಹಿಳಾ ಲೀಗುಗಳು ಬೇಗನೆ ಸೊರಗಿದವು. ಆಕೆ ಆಡುವುದು ಬಿಟ್ಟು ಸ್ಯಾಮ್‌ಸಂಗ್ ತಂಡದ ತರಬೇತಿಗೆ ನಿಂತಳು. ಅಷ್ಟೇನೂ ಗೆಲ್ಲದ ಆ ತಂಡವನ್ನು 2007ರಲ್ಲೂ 2008ರಲ್ಲೂ ಪಟ್ಟಕ್ಕೇರಿಸಿದಳು. ಗಂಡುಹುಡುಗರೇ ತುಂಬಿದ್ದ ಮನೆಯಲ್ಲಿ ಹೆಣ್ಣೊಬ್ಬಳು ಹೇಳಿದ ಮಾತು ನಡೆಯಿತು ಎಂಬುದು ಆ ಪಟ್ಟಗಳಿಗಿಂತ ಸಣ್ಣ ಸಂಗತಿಯಲ್ಲ.

ಕೊರಿಯಾದ ಪ್ರತಿ ಯುವಕನೂ ಎರಡು ವರ್ಷದಷ್ಟು ಕಾಲ ಸೈನ್ಯದಲ್ಲಿ ದುಡಿಯಬೇಕು. ಬೆರಳು ಒಂದು ವಾರ ಬಿಟ್ಟರೂ ಮರೆಯುವ ಈ ಆಟದಲ್ಲಿ ಎರಡು ವರ್ಷವೆಂದರೆ ಮರಣಶಾಸನ. 2006ರಲ್ಲಿ ಇಮ್ ವಾಯುಪಡೆಗೆ ಸೇರಿದ. ಮರುವರ್ಷ ವಾಯುಪಡೆಯೇ ಒಂದು ಆಟದ ತಂಡ ಕಟ್ಟಿತು; ಹೆಸರು ‘ಏಸ್’. ಸೈನ್ಯಕ್ಕೆ ಸೇರಿದ ಹಳೆಯ ಆಟಗಾರರು ಸಮವಸ್ತ್ರದಲ್ಲೇ ಪಂದ್ಯಕ್ಕೆ ಬಂದು, ಸಾಮಾನ್ಯವಾಗಿ ಸೋತು, ಸೆಲ್ಯೂಟ್ ಹೊಡೆದು ಹೋಗುತ್ತಿದ್ದರು. ಮೂವತ್ತು ದಾಟಿದ ಮೇಲೂ ಆಡುವವನು ನಾನೇ ಮೊದಲು ಆಗಬೇಕು ಎಂದು ಇಮ್ ಹೇಳಿಕೊಂಡು ಬಂದಿದ್ದ. ಈ ವಾಯುಪಡೆಯ ತಂಡವಿರದಿದ್ದರೆ ಆ ಮಾತು ಇಪ್ಪತ್ತಾರಕ್ಕೇ ಮುಗಿಯುತ್ತಿತ್ತು.

ಹಾಂಗ್ ಅಷ್ಟು ಹೊತ್ತಿಗೆ ಸೋಲಿನ ಇನ್ನೊಂದು ಹೆಸರಾಗಿದ್ದ. 2001ರ ನಂತರವೂ ಆತ ದೊಡ್ಡ ಲೀಗುಗಳ ಫೈನಲ್ಲಿಗೆ ಮತ್ತೆ ಮತ್ತೆ ಬಂದ, ಮತ್ತೆ ಮತ್ತೆ ಸೋತ. ಒಂದೇ ಒಂದು ಪಟ್ಟ ಕೈಗೆ ಹತ್ತಲಿಲ್ಲ. ಎರಡನೆಯ ಸ್ಥಾನ ಆತನ ಹಣೆಬರಹವೆಂದು ಜನ ಗೇಲಿ ಮಾಡಿದರು. ಎರಡು ಎಂಬ ಅಂಕಿ ಎಲ್ಲಿ ಕಂಡರೂ ಹಾಂಗ್‌ನ ಹೆಸರು. ಆತನ ಬಗ್ಗೆ ಏನೇ ಬರೆದರೂ ಅದನ್ನೇ ಎರಡೆರಡು ಸಲ ಬರೆಯುವ ಕೀಟಲೆ. ಆತ ಸಿಟ್ಟಾಗಲಿಲ್ಲ. ಆತನೂ ವಾಯುಪಡೆಯ ತಂಡಕ್ಕೆ ಸೇರಿದ. ಅಲ್ಲೂ ಸೋಲು ಮುಂದುವರಿಯಿತು. 2009ರ ಜೂನ್ 20ರಂದು ಆತನಿಗೆ ಎದುರಾಳಿಯಾಗಿ ಬಂದವನು ಕಿಮ್ ತೇಕ್-ಯಂಗ್, ಆ ಹೊತ್ತಿನ ಅಗ್ರ ಆಟಗಾರರಲ್ಲೊಬ್ಬ. 2007ರಲ್ಲಿ ಜರ್ಗ್‌ಗಳನ್ನು ಮಣಿಸುವ ಹೊಸ ವ್ಯೂಹ ಹೂಡಿ, ಆ ವ್ಯೂಹಕ್ಕೇ ತನ್ನ ಆಟದ ಹೆಸರಾದ ‘ಬಿಸು’ ಅಂಟಿಸಿಕೊಂಡವನು. ಪ್ರಾಯದ ಹುಲಿಯ ಮುಂದೆ ಮುದಿ ಹೋರಿ ಎಂದು ಎಲ್ಲರೂ ಎಣಿಸಿದ್ದರು. ಹಾಂಗ್ ಹಳೆಯ ಬಿರುಗಾಳಿಯಂತೆ ಆಡಿದ, ಗೆದ್ದ. ಅಧಿಕೃತ ಪಂದ್ಯಗಳಲ್ಲಿ 735 ದಿನಗಳ ನಂತರ ಆತನಿಗೆ ಸಿಕ್ಕ ಮೊದಲ ಗೆಲುವು ಅದು. ಸಭಾಂಗಣದಲ್ಲಿ ಜನ ಎದ್ದು ನಿಂತು ಕೂಗಿದರು. ಯಾವ ಪಟ್ಟವೂ ಅಲ್ಲ, ಒಂದು ಸಾಮಾನ್ಯ ಲೀಗ್ ಪಂದ್ಯ. ಆದರೂ ಎಷ್ಟೋ ಫೈನಲ್ಲುಗಳು ಮರೆತುಹೋಗಿವೆ, ಆ ದಿನಾಂಕವನ್ನು ಅಭಿಮಾನಿಗಳು ಬಾಯಿಪಾಠ ಇಟ್ಟುಕೊಂಡಿದ್ದಾರೆ.

ಮರುವರ್ಷ ಬಂದದ್ದು ಕೆಟ್ಟ ಸುದ್ದಿ. ಅಕ್ರಮ ಬಾಜಿ ಕಟ್ಟುವವರಿಂದ ಹಣ ಪಡೆದು ಪಂದ್ಯ ಸೋತುಕೊಟ್ಟ ಹಗರಣ 2010ರಲ್ಲಿ ಬಯಲಾಯಿತು. ಆಟವನ್ನು ಕೆಲಕಾಲ ಆಳಿದ್ದ ಮಾ ಜೇ-ಯೂನ್ ಎಂಬ ಚಾಂಪಿಯನ್ನೇ ಅದರಲ್ಲಿ ಸಿಕ್ಕಿಬಿದ್ದ. ಸಂಘ ಆತನನ್ನು ಶಾಶ್ವತವಾಗಿ ಹೊರಗಟ್ಟಿತು, ನ್ಯಾಯಾಲಯ ತಪ್ಪಿತಸ್ಥನೆಂದು ಹೇಳಿತು. ಕ್ರಿಕೆಟ್ಟಿನಲ್ಲಿ 2000ದಲ್ಲಿ ಇಲ್ಲಿಯ ಅಭಿಮಾನಿಗಳು ಉಂಡ ಕಹಿಯೇ ಅದು. ಬಾಡಿಗೆ ಮನೆಯಲ್ಲಿ ಸಾಲು ಹಾಸಿಗೆಯ ಮೇಲೆ ಮಲಗಿ ಆಟಕ್ಕೊಂದು ಮರ್ಯಾದೆ ತಂದವರಿಗೆ ಆದ ನೋವಿನ ಲೆಕ್ಕ ಯಾವ ತೀರ್ಪಿನಲ್ಲೂ ಬರುವುದಿಲ್ಲ. ಆ ಹೊತ್ತಿಗೆ ಆಟದ ಎರಡನೆಯ ಆವೃತ್ತಿ ಬಂದಿತ್ತು, ಪ್ರಾಯೋಜಕರು ಒಬ್ಬೊಬ್ಬರಾಗಿ ಕಳಚಿಕೊಂಡರು. 2012ರ ಆಗಸ್ಟ್ 4ರಂದು ಹಳೆಯ ಆಟದ ಕೊನೆಯ ಆನ್‌ಗೇಮ್‌ನೆಟ್ ಫೈನಲ್ ನಡೆಯಿತು.

ಆಮೇಲೆ ಇವರೆಲ್ಲ ಏನಾದರು? ಇಮ್ ಹೊಸ ಆವೃತ್ತಿಯಲ್ಲಿ ತನ್ನದೇ ತಂಡ ಕಟ್ಟಿ, ಆಮೇಲೆ ಪೋಕರ್ ಆಟಕ್ಕೆ ಹೋದ. ಫ್ರಾನ್ಸಿನಿಂದ ಬಂದು ಆ ಕಾಲದಲ್ಲಿ ಕೊರಿಯಾದಲ್ಲಿ ಆಡುತ್ತಿದ್ದ ಬರ್ಟ್ರಾಂಡ್ ಗ್ರೊಸ್‌ಪೆಲಿಯೇ ಅದಕ್ಕೂ ಮೊದಲೇ ಪೋಕರ್‌ಗೆ ಹೋಗಿ 2008ರಲ್ಲಿ ಒಂದೇ ಕೂಟದಲ್ಲಿ 20 ಲಕ್ಷ ಡಾಲರ್ ಗೆದ್ದಿದ್ದ. ಗಿಯೋಮ್ ಪಾತ್ರಿ ಕೊರಿಯಾದಲ್ಲೇ ನೆಲೆಸಿದ. 2014ರಲ್ಲಿ ವಿದೇಶಿಯರು ಕೊರಿಯನ್ ಭಾಷೆಯಲ್ಲಿ ಹರಟುವ ಟಿವಿ ಕಾರ್ಯಕ್ರಮದಲ್ಲಿ ಕೆನಡಾದ ಪ್ರತಿನಿಧಿಯಾಗಿ ಕುಳಿತಾಗ, ಇವನೊಬ್ಬ ಹಳೆಯ ಚಾಂಪಿಯನ್ ಎಂಬುದು ಎಷ್ಟೋ ಹುಡುಗರಿಗೆ ಗೊತ್ತೇ ಇರಲಿಲ್ಲ. ಎಂದೂ ಗೆಲ್ಲದ ಹಾಂಗ್ ಜಿನ್-ಹೋ 2013ರಲ್ಲಿ ‘ದಿ ಜೀನಿಯಸ್’ ಎಂಬ ಬುದ್ಧಿಶಕ್ತಿಯ ಟಿವಿ ಸ್ಪರ್ಧೆಗೆ ಹೋಗಿ, ನಟರು, ಪೋಕರ್ ಪಟು ಮೊದಲಾದವರ ನಡುವೆ ಮೊದಲಿಗನಾಗಿ ಗೆದ್ದ. ಅದರ ಮುಂದಿನ ಸರಣಿಗೆ ಚಕ್ರವರ್ತಿಯೂ ಹೋದ. ಆತನಿಗೆ ಬಂದದ್ದು ಎರಡನೆಯ ಸ್ಥಾನ!

ಇಲ್ಲಿ, ಭಾರತದಲ್ಲಿ, ಈ ಬಗೆಯ ಆಟಕ್ಕೆ ಕ್ರೀಡೆಯ ಹೆಸರು ಸಿಕ್ಕಿದ್ದು ತೀರಾ ತಡವಾಗಿ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರದರ್ಶನ ಸ್ಪರ್ಧೆಯಾಗಿ ಇಟ್ಟಾಗ ಗುಜರಾತಿನ ತೀರ್ಥ್ ಮೆಹ್ತಾ ಕಾರ್ಡಿನ ಆಟವೊಂದರಲ್ಲಿ ಕಂಚು ತಂದ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇದನ್ನು ಕ್ರೀಡಾ ಸಚಿವಾಲಯದ ಕೆಳಗೆ ತಂದಿತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಬೇರೆ, ಜೂಜು ಬೇರೆ ಎಂದು ಗೆರೆ ಎಳೆಯಿತು. ನಲ್ಲೂರಿನ ಅಡಿಕೆ ಕಣದಲ್ಲಿ ಕುಳಿತ ಅಜ್ಜನಿಗೂ ಮೊಮ್ಮಗನಿಗೂ ಆ ಗೆರೆ ಎಲ್ಲಿದೆ ಎಂಬ ಬಗ್ಗೆ ಇನ್ನೂ ಒಮ್ಮತವಿಲ್ಲ. ‘ಇದರಲ್ಲಿ ಹೊಟ್ಟೆ ತುಂಬುತ್ತೇನೋ?’ ಎಂಬ ಅಜ್ಜನ ಪ್ರಶ್ನೆಯನ್ನು ಇಮ್‌ನ ಪೀಳಿಗೆಯ ಹುಡುಗರ ಮನೆಗಳಲ್ಲೂ ಕೇಳಿಯೇ ಇದ್ದರು. ಕೆಲವರಿಗೆ ತುಂಬಿತು, ಹೆಚ್ಚಿನವರಿಗೆ ತುಂಬಲಿಲ್ಲ.

2017ರ ಜುಲೈ 30. ಹಳೆಯ ಆಟವನ್ನು ಹೊಸ ಬಣ್ಣದಲ್ಲಿ ಮತ್ತೆ ಬಿಡುಗಡೆ ಮಾಡುವ ಮುನ್ನ ಬ್ಲಿಜರ್ಡ್ ಕಂಪನಿ ಬುಸಾನಿನ ಅದೇ ಗ್ವಾಂಗಲ್ಲಿ ಕಡಲತೀರದಲ್ಲಿ ಒಂದು ಸಂಜೆ ಏರ್ಪಡಿಸಿತು. ಸಾವಿರಾರು ಜನ ಬಂದರು. ಹದಿಮೂರು ವರ್ಷಗಳ ಹಿಂದೆ ಅದೇ ಮರಳಿನ ಮೇಲೆ ಶಾಲಾ ಸಮವಸ್ತ್ರದಲ್ಲಿ ಕುಳಿತಿದ್ದವರಲ್ಲಿ ಕೆಲವರು ಈಗ ಮಕ್ಕಳನ್ನು ಎತ್ತಿಕೊಂಡು ಬಂದಿದ್ದರೂ ಆಶ್ಚರ್ಯವಿಲ್ಲ. ಇಮ್ ಮತ್ತು ಹಾಂಗ್ ಮತ್ತೊಮ್ಮೆ ಎದುರುಬದುರು ಕುಳಿತರು. ಅದಕ್ಕೂ ಮುಂಚೆ ವೇದಿಕೆಗೆ ಬಂದ ಜೋಡಿ ಮಾತ್ರ ಇನ್ನೂ ಹಳೆಯದು. ಒಂದು ಕಡೆ ಗಿಯೋಮ್ ಪಾತ್ರಿ, ಇನ್ನೊಂದು ಕಡೆ ಆತನ ಕಾಲದ ಕೊರಿಯಾದ ಆಟಗಾರ ಕುಕ್ ಕಿ-ಬಾಂಗ್. ಇಬ್ಬರೂ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಕೀಲಿಮಣೆಯನ್ನು ಹತ್ತಿರಕ್ಕೆಳೆದುಕೊಂಡು, ತಮ್ಮ ಮೊದಲ ಕೆಲಸಗಾರನನ್ನು ಗಣಿಗೆ ಕಳಿಸಿದರು.